ನಿರ್ಧಾರ ಯಾವ ಸಂಖ್ಯೆಯ ಮೇಲೆ ನಿಂತಿದೆ?

ಮ್ಯಾನೇಜ್‌ಮೆಂಟ್ ಕೋರ್ಸಿನಲ್ಲಿ ಕೇಸ್ (ಒಂದು ಕಂಪನಿಯ ಪರಿಸ್ಥಿತಿಯ ವಿವರ) ಕೊಡಲಿ, ಸಿಮ್ಯುಲೇಷನ್ (ತಂಡಗಳು ಸುತ್ತು ಸುತ್ತಾಗಿ ಕಂಪನಿ ನಡೆಸುವ ಆಟ) ಆಡಿಸಲಿ, ಕೊನೆಗೆ ಕೇಳುವ ಪ್ರಶ್ನೆ ಒಂದೇ: ಈ ಕಂಪನಿ ಈಗ ಏನು ಮಾಡಬೇಕು? ಹೊಸ ಮಾಡೆಲ್ ತರಬೇಕೇ, ಬೆಲೆ ಇಳಿಸಬೇಕೇ, ಜಾಹೀರಾತಿಗೆ ಹಣ ಹಾಕಬೇಕೇ, ಇರುವುದನ್ನೇ ಸುಧಾರಿಸಿಕೊಂಡು ಹೋಗಬೇಕೇ? ಉತ್ತರಗಳಲ್ಲಿ ಹೆಚ್ಚಿನವು ಅಂಕ ಕಳೆದುಕೊಳ್ಳುವುದು ಆಯ್ಕೆ ತಪ್ಪಾಗಿದೆ ಎಂಬ ಕಾರಣಕ್ಕಲ್ಲ. ಆ ಆಯ್ಕೆ ಯಾವ ಊಹೆಯ ಆಧಾರದಲ್ಲಿದೆ, ಆ ಊಹೆ ಎಷ್ಟು ಕದಲಿದರೆ ನಿರ್ಧಾರವೇ ಬದಲಾಗುತ್ತದೆ ಎಂಬುದನ್ನು ಬರೆದವರೇ ಕಂಡುಕೊಂಡಿರುವುದಿಲ್ಲ. ಅದನ್ನು ಕಂಡುಕೊಳ್ಳುವ ಬಗೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಕಂಪನಿಯ ಬಲ, ದೌರ್ಬಲ್ಯ, ಅವಕಾಶ, ಅಪಾಯಗಳನ್ನು ಪಟ್ಟಿ ಮಾಡುವ ಸ್ವಾಟ್ ಕೋಷ್ಟಕಕ್ಕೆ ಎರಡು ಪುಟ ಮೀಸಲಿಡಬೇಡಿ. ಕೇಸಿನಲ್ಲಿ ಇದ್ದದ್ದನ್ನೇ ನಾಲ್ಕು ಚೌಕಗಳಿಗೆ ಹಂಚಿ ಬರೆದರೆ ಅದು ಸಾರಾಂಶವಾಗುತ್ತದೆ, ವಿಶ್ಲೇಷಣೆಯಾಗುವುದಿಲ್ಲ. ಆನ್ಸಾಫ್ 1957ರಲ್ಲಿ ಮುಂದಿಟ್ಟ ಉತ್ಪನ್ನ–ಮಾರುಕಟ್ಟೆ ಚೌಕಟ್ಟಾಗಲಿ, ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್‌ನವರು 1970ರಲ್ಲಿ ತಂದ ಬೆಳವಣಿಗೆ–ಪಾಲು ಮ್ಯಾಟ್ರಿಕ್ಸ್ ಆಗಲಿ, ನಿಮ್ಮ ಮುಂದಿರುವ ದಾರಿಗಳು ಯಾವುವು ಎಂದು ತೋರಿಸುತ್ತವೆ, ಅಷ್ಟೆ. ಯಾವ ದಾರಿ ಹಿಡಿಯಬೇಕು ಎಂಬುದನ್ನು ಅವು ಹೇಳವು. 'ನಮ್ಮ ಉತ್ಪನ್ನ ಸ್ಟಾರ್ ಚೌಕದಲ್ಲಿದೆ (ಬೆಳವಣಿಗೆಯೂ ಪಾಲೂ ಹೆಚ್ಚು), ಆದ್ದರಿಂದ ಹೂಡಿಕೆ ಮಾಡಬೇಕು' ಎಂಬ ವಾಕ್ಯದಲ್ಲಿ 'ಆದ್ದರಿಂದ' ಎಂಬ ಪದಕ್ಕೆ ಆಧಾರವೇ ಇಲ್ಲ.

ಕೆಲಸ ಆರಂಭವಾಗಬೇಕಾದದ್ದು ಗ್ರಾಹಕ ವಿಭಾಗದಿಂದ. ಉದಾಹರಣೆಗೆ ಓದುವ ಮೇಜಿಗೆ ಎಲ್‌ಇಡಿ ದೀಪ ಮಾಡುವ ಒಂದು ಕಂಪನಿ ಇದೆ ಎಂದುಕೊಳ್ಳಿ. ಕೊಳ್ಳುವವರಲ್ಲಿ ವಿದ್ಯಾರ್ಥಿಗಳಿದ್ದಾರೆ, ಮನೆಯಿಂದ ಕಚೇರಿ ಕೆಲಸ ಮಾಡುವವರಿದ್ದಾರೆ, ಬಣ್ಣ ಸರಿಯಾಗಿ ಕಾಣಲೇಬೇಕಾದ ಚಿತ್ರಕಾರರು, ವಿನ್ಯಾಸಕಾರರು ಇದ್ದಾರೆ. ವಯಸ್ಸು, ಆದಾಯ ನೋಡಿ ವಿಂಗಡಿಸುವುದು ಸುಲಭ. ಆದರೆ ಅದರಿಂದ ದೀಪದಲ್ಲಿ ಏನು ಬದಲಿಸಬೇಕೆಂದು ತಿಳಿಯುವುದಿಲ್ಲ. ಯಾವುದಕ್ಕೆ ಹಣ ಕೊಡುತ್ತಾರೆ, ಯಾವುದಕ್ಕೆ ಕೊಡುವುದಿಲ್ಲ ಎಂದು ನೋಡಿ ವಿಂಗಡಿಸಿದರೆ ಉತ್ಪನ್ನದ ವಿವರ ತಾನಾಗಿ ಮೂಡುತ್ತದೆ: ವಿನ್ಯಾಸಕಾರನಿಗೆ ಬಣ್ಣ ನಿಖರವಾಗಿ ತೋರಿಸುವ ಬೆಳಕು, ಕಚೇರಿ ಕೆಲಸದವರಿಗೆ ಗಂಟೆಗಟ್ಟಲೆ ಕೂತರೂ ಮಿನುಗದೆ ಕಣ್ಣಿಗೆ ಹಿತವಾದ ಬೆಳಕು, ವಿದ್ಯಾರ್ಥಿಗೆ ಬೆಲೆ. ಮೂವರಿಗೂ ಒಂದೇ ದೀಪ ಎಂದು ಬರೆದ ತಂಡ ಮುಂದೆ ಬೆಲೆ, ಅಂಗಡಿ, ಜಾಹೀರಾತು ಮೂರರಲ್ಲೂ ಒದ್ದಾಡುತ್ತದೆ, ಏಕೆಂದರೆ ಒಂದು ಸಾಲಿನ ಜಾಹೀರಾತಿನಲ್ಲಿ ಯಾರಿಗೆ ಹೇಳಬೇಕು ಎಂಬುದೇ ತೀರ್ಮಾನವಾಗಿರುವುದಿಲ್ಲ.

ಇಲ್ಲಿ ಕಚೇರಿ ಕೆಲಸದವರನ್ನು ಆರಿಸಿಕೊಂಡೆವು ಎನ್ನೋಣ. ಇನ್ನು ಲೆಕ್ಕ.

ಹೊಸ ದೀಪದ ಅಂಗಡಿ ಬೆಲೆ 500. ಅಂಗಡಿಯವರ ಮಾರ್ಜಿನ್ ಶೇ 30, ಅಂದರೆ ಕಂಪನಿಯ ಕೈಗೆ ಬರುವುದು 350. ಒಂದು ದೀಪ ಮಾಡಲು ತಗಲುವ ಬದಲಾಗುವ ವೆಚ್ಚ, ಎಂದರೆ ಬಿಡಿಭಾಗ, ಜೋಡಣೆ, ಪ್ಯಾಕಿಂಗ್, ಸಾಗಣೆ ಸೇರಿ, 210. ಹಾಗಾಗಿ ಒಂದು ದೀಪದಿಂದ ಸಿಗುವ ಕಾಂಟ್ರಿಬ್ಯೂಷನ್, ಎಂದರೆ ಉಳಿದ ಖರ್ಚುಗಳನ್ನು ಭರಿಸಲು ಕೈಯಲ್ಲಿ ಉಳಿಯುವ ಹಣ, 140. ಅತಿ ಹೆಚ್ಚು ಕಾಣುವ ತಪ್ಪು ಆಗುವುದು ಇಲ್ಲೇ: ಅಂಗಡಿ ಬೆಲೆಯಿಂದ ನೇರವಾಗಿ ವೆಚ್ಚ ಕಳೆದು 290 ಎಂದು ಬರೆದುಬಿಡುತ್ತಾರೆ. ಹೊಸ ದೀಪ ರೂಪಿಸುವ ಸಂಶೋಧನೆಗೆ 28 ಲಕ್ಷ, ಮೊದಲ ವರ್ಷದ ಜಾಹೀರಾತಿಗೆ 42 ಲಕ್ಷ, ಒಟ್ಟು 70 ಲಕ್ಷ ಹಾಕುತ್ತೇವೆ ಎಂದರೆ, ಹಾಕಿದ್ದು ಹಿಂದಕ್ಕೆ ಬರಲು 50,000 ದೀಪ ಮಾರಬೇಕು. 290 ಹಿಡಿದವರಿಗೆ ಇದೇ ಲೆಕ್ಕದಲ್ಲಿ 24,138 ಸಾಕು ಎಂದು ಬರುತ್ತದೆ. ಗುರಿ ಅರ್ಧಕ್ಕೂ ಕೆಳಗೆ ಇಳಿದುಬಿಟ್ಟಿತು. ಆಮೇಲೆ ಎಷ್ಟು ಚೆನ್ನಾಗಿ ವಾದಿಸಿದರೂ ಪ್ರಯೋಜನವಿಲ್ಲ.

50,000 ಎಂಬುದು ದೊಡ್ಡದೋ ಸಣ್ಣದೋ? ಒಂಟಿಯಾಗಿ ನೋಡಿದರೆ ಗೊತ್ತಾಗುವುದಿಲ್ಲ, ಮಾರುಕಟ್ಟೆಯ ಪಕ್ಕದಲ್ಲಿ ಇಟ್ಟು ನೋಡಬೇಕು. ಈ ವಿಭಾಗದಲ್ಲಿ ಕಳೆದ ವರ್ಷ 4,00,000 ದೀಪ ಮಾರಾಟವಾಗಿ, ಬೆಳವಣಿಗೆ ಶೇ 8 ಇದ್ದರೆ ಈ ವರ್ಷ 4,32,000. ಹೊಸ ದೀಪ ಅವರಲ್ಲಿ ಎಷ್ಟು ಜನರನ್ನು ತಲುಪುತ್ತದೆ ಎಂದು ಮೂರು ಜರಡಿಯಲ್ಲಿ ಸೋಸಿ ನೋಡಿ. ಬ್ರ್ಯಾಂಡ್ ಹೆಸರು ಗೊತ್ತಿರುವವರು ಶೇ 50. ಗೊತ್ತಿದ್ದವರಲ್ಲಿ ಕೊಳ್ಳಲು ಮನಸ್ಸು ಮಾಡುವವರು ಶೇ 24. ಮನಸ್ಸು ಮಾಡಿದವರು ಹೋದ ಅಂಗಡಿಯಲ್ಲಿ ದೀಪ ಸಿಗುವ ಸಂಭವ ಶೇ 60. ಗುಣಿಸಿದರೆ 31,104. ಬೇಕಾದದ್ದು 50,000.

ಸ್ಪ್ರೆಡ್‌ಶೀಟಿನಲ್ಲಿ ಈ ಅಂತರ ಕಂಡ ಕೂಡಲೇ ಶೇ 24 ಅನ್ನು ಸದ್ದಿಲ್ಲದೆ ಶೇ 40 ಮಾಡಿಬಿಡುವ ತಂಡಗಳಿವೆ. ಹಾಗೆ ಮಾಡಬೇಡಿ. ಈ ಅಂತರವೇ ನಿಮ್ಮ ವಿಶ್ಲೇಷಣೆಯ ಮುಖ್ಯ ವಿಷಯ. ಮೂರು ಜರಡಿಗಳಲ್ಲಿ ಹಣ ಹಾಕಿ ಅಗಲಿಸಬಹುದಾದವು ಎರಡು: ಹೆಸರಿನ ಪರಿಚಯ ಮತ್ತು ವಿತರಣೆ. ಪರಿಚಯವನ್ನು ಶೇ 65ಕ್ಕೆ ಏರಿಸಿದರೆ ಮಾರಾಟ 40,435 ಆಗುತ್ತದೆ. ಅದರ ಜೊತೆಗೆ ವಿತರಣೆಯನ್ನೂ ಶೇ 80ಕ್ಕೆ ತಂದರೆ 53,914. ಗುರಿ ದಾಟಿತು ಎಂದು ಇಲ್ಲಿಗೇ ನಿಲ್ಲಿಸಿದರೆ ಮತ್ತೊಂದು ತಪ್ಪು. ಈ ಎರಡಕ್ಕೂ ಹೆಚ್ಚುವರಿ 14 ಲಕ್ಷ ಬೇಕು ಎಂದಾದರೆ ಒಟ್ಟು ವೆಚ್ಚ 84 ಲಕ್ಷಕ್ಕೆ ಏರಿ, ಬ್ರೇಕ್-ಈವನ್ (ಹಾಕಿದ್ದು ಹಿಂದಕ್ಕೆ ಬರಲು ಬೇಕಾದ ಮಾರಾಟ) ಕೂಡ 60,000ಕ್ಕೆ ಹೋಗುತ್ತದೆ. ಮೊದಲ ವರ್ಷ ಸುಮಾರು 8.5 ಲಕ್ಷ ನಷ್ಟ.

ಹಾಗಾದರೆ ಬೇಡ ಎನ್ನಬೇಕೇ? ಸಂಶೋಧನೆಯ 28 ಲಕ್ಷ ಒಂದು ಸಲದ ಖರ್ಚು. ಜಾಹೀರಾತು, ವಿತರಣೆಗೆ ಅಷ್ಟೇ ಖರ್ಚು ಮುಂದುವರಿದರೂ ಎರಡನೇ ವರ್ಷ ಭರಿಸಬೇಕಾದದ್ದು 56 ಲಕ್ಷ ಮಾತ್ರ, ಅದಕ್ಕೆ 40,000 ದೀಪ ಸಾಕು. ಮಾರುಕಟ್ಟೆ ಬೆಳೆಯದೆ ಅಲ್ಲೇ ನಿಂತರೂ 53,914 ದೀಪಗಳಿಂದ 75.5 ಲಕ್ಷ ಬರುತ್ತದೆ, ಉಳಿಯುವುದು 19.5 ಲಕ್ಷ. ಎರಡು ವರ್ಷ ಸೇರಿಸಿದರೆ ಸುಮಾರು 11 ಲಕ್ಷ ಲಾಭ. ಒಂದು ವರ್ಷದ ಲೆಕ್ಕ ನೋಡಿ ಬಿಟ್ಟವರು ತಪ್ಪಿದರು, ಒಂದು ವರ್ಷದ ಲೆಕ್ಕ ತಿದ್ದಿ ಹಿಡಿದವರೂ ತಪ್ಪಿದರು.

ಈಗ ಶೀರ್ಷಿಕೆಯ ಪ್ರಶ್ನೆ. ಮೇಲಿನ ಸಂಖ್ಯೆಗಳಲ್ಲಿ ಯಾವುದು ಅಲುಗಾಡಿದರೆ ಎಲ್ಲವೂ ಬೀಳುತ್ತದೆ? ವೆಚ್ಚ 210 ಎಂಬುದು ಕಾರ್ಖಾನೆಯ ಲೆಕ್ಕ, ಹೆಚ್ಚು ಕದಲದು. ವಿತರಣೆ ಒಪ್ಪಂದಗಳಿಂದ ತಿಳಿಯುತ್ತದೆ. ಕೊಳ್ಳುವ ಮನಸ್ಸಿನ ಶೇ 24 ಮಾತ್ರ ಸಮೀಕ್ಷೆಯಿಂದ ಬಂದದ್ದು. ಜನ ಸಮೀಕ್ಷೆಯಲ್ಲಿ 'ಕೊಳ್ಳುತ್ತೇನೆ' ಎಂದಷ್ಟು ಅಂಗಡಿಯಲ್ಲಿ ಕೊಳ್ಳುವುದಿಲ್ಲ. 'ಖಂಡಿತ ಕೊಳ್ಳುತ್ತೇನೆ' ಎಂದವರಲ್ಲೂ ಒಂದು ಭಾಗವನ್ನೇ ಲೆಕ್ಕಕ್ಕೆ ಹಿಡಿಯುವುದು ಮಾರುಕಟ್ಟೆ ಸಂಶೋಧನೆಯ ರೂಢಿ. ಆ ಶೇ 24 ವಾಸ್ತವದಲ್ಲಿ ಶೇ 16 ಆದರೆ ಮಾರಾಟ 35,942ಕ್ಕೆ ಕುಸಿದು, ಎರಡನೇ ವರ್ಷವೂ ನಷ್ಟವೇ. ತಿರುಗಿಸಿ ಲೆಕ್ಕ ಹಾಕಿ: ಎರಡನೇ ವರ್ಷದ 40,000 ತಲುಪಲು ಕನಿಷ್ಠ ಶೇ 17.8 ಬೇಕು. ಇದೇ ಆ ಸಂಖ್ಯೆ. 'ಕೊಳ್ಳುವ ಮನಸ್ಸು ಶೇ 18ಕ್ಕಿಂತ ಕೆಳಗೆ ಹೋದರೆ ನಮ್ಮ ಶಿಫಾರಸು ತಪ್ಪು, ಆದ್ದರಿಂದ 28 ಲಕ್ಷ ಹಾಕುವ ಮೊದಲು ಇದನ್ನೇ ಸಣ್ಣ ಪ್ರಮಾಣದಲ್ಲಿ ಮಾರಿ ಪರೀಕ್ಷಿಸುತ್ತೇವೆ' ಎಂದು ಒಂದು ಸಾಲು ಬರೆದ ವರದಿಗೆ ಹತ್ತು ಪುಟದ ಸ್ವಾಟ್‌ಗಿಂತ ಹೆಚ್ಚು ತೂಕವಿದೆ.

ಸಮೀಕ್ಷೆ ತಾನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ ಎಂಬುದನ್ನೂ ಮರೆಯಬಾರದು. 1985ರ ಏಪ್ರಿಲ್ 23ರಂದು ಕೋಕಾ-ಕೋಲಾ ತನ್ನ ಪಾನೀಯದ ಸೂತ್ರ ಬದಲಿಸಿದ್ದು ಸುಮಾರು 2 ಲಕ್ಷ ಜನರ ರುಚಿ ಪರೀಕ್ಷೆಯ ನಂತರ. ಆದರೂ ಜುಲೈ 11ರಂದು, 79 ದಿನಗಳಲ್ಲಿ, ಹಳೆಯದನ್ನು ವಾಪಸ್ ತರುವುದಾಗಿ ಘೋಷಿಸಬೇಕಾಯಿತು. ಪರೀಕ್ಷೆಗೆ ಬಳಸಿದ ಜನರ ಸಂಖ್ಯೆಯಲ್ಲಿ ಕೊರತೆಯಿರಲಿಲ್ಲ. ಯಾವ ರುಚಿ ಹೆಚ್ಚು ಹಿಡಿಸಿತು ಎಂಬುದು ಒಂದು ಪ್ರಶ್ನೆ, ಹಳೆಯದು ಇನ್ನು ಸಿಗುವುದೇ ಇಲ್ಲ ಎಂದರೆ ಜನ ಏನು ಮಾಡುತ್ತಾರೆ ಎಂಬುದು ಇನ್ನೊಂದು. ಕೇಸಿನ ಕೊನೆಯಲ್ಲಿ ಕೊಟ್ಟ ಸಮೀಕ್ಷೆಯ ಕೋಷ್ಟಕ ಓದುವಾಗ ಮೊದಲು ಪ್ರಶ್ನೆಯ ಮಾತುಗಳನ್ನು ನೋಡಿ, ಶೇಕಡಾವಾರು ಆಮೇಲೆ.

ಬೆಲೆ ಇಳಿಸುವ ಆಸೆ ಎಲ್ಲ ತಂಡಗಳಿಗೂ ಬರುತ್ತದೆ. ಅದೇ ದೀಪದ ಬೆಲೆಯನ್ನು ಶೇ 10 ಇಳಿಸಿ 450 ಮಾಡಿ ನೋಡಿ. ಕಂಪನಿಗೆ ಬರುವುದು 315, ಕಾಂಟ್ರಿಬ್ಯೂಷನ್ 105. ಬೆಲೆ ಇಳಿದದ್ದು ಶೇ 10, ಕಾಂಟ್ರಿಬ್ಯೂಷನ್ ಇಳಿದದ್ದು ಶೇ 25. ಮೊದಲಿನಷ್ಟೇ ಹಣ ಬರಬೇಕಾದರೆ ಮಾರಾಟ ಶೇ 33.3 ಹೆಚ್ಚಬೇಕು. ಬದಲಿಗೆ ಶೇ 10 ಏರಿಸಿ 550 ಮಾಡಿದರೆ ಕಾಂಟ್ರಿಬ್ಯೂಷನ್ 175. ಆಗ ಮಾರಾಟ ಶೇ 20 ಕಡಿಮೆಯಾದರೂ ನಷ್ಟವಿಲ್ಲ. ಎರಡು ದಿಕ್ಕಿನ ಲೆಕ್ಕವೂ ಒಂದೇ ತೂಕದ್ದಲ್ಲ ಎಂಬುದು ಇದರಿಂದ ಕಾಣುತ್ತದೆ. ಜೊತೆಗೆ ಎದುರಾಳಿಯೂ ಬೆಲೆ ಇಳಿಸಿದರೆ ಆ ಶೇ 33.3 ಎಲ್ಲಿಂದ ಬರುತ್ತದೆ ಎಂಬುದನ್ನೂ ಬರೆಯಬೇಕು. ಸಿಮ್ಯುಲೇಷನ್‌ಗಳಲ್ಲಿ ಒಂದು ತಂಡ ಬೆಲೆ ಕಡಿದರೆ ಮರು ಸುತ್ತಿನಲ್ಲೇ ಉಳಿದವರೂ ಕಡಿಯುತ್ತಾರೆ. ಆಗ ಎಲ್ಲರ ಪಾಲು ಇದ್ದಲ್ಲೇ ಇರುತ್ತದೆ, ಎಲ್ಲರ ಲಾಭವೂ ಹೋಗುತ್ತದೆ.

ಎರಡನೇ ಮಾಡೆಲ್ ತರುವಾಗ ಕಾಡುವುದು ಒಂದು ಉತ್ಪನ್ನ ಇನ್ನೊಂದನ್ನು ತಿನ್ನುವ ಸಮಸ್ಯೆ. ಕಡಿಮೆ ಬೆಲೆಯ ಚಿಕ್ಕ ದೀಪವೊಂದನ್ನು ತಂದಿರಿ, ಅದರ ಕಾಂಟ್ರಿಬ್ಯೂಷನ್ 90. ವರ್ಷಕ್ಕೆ 30,000 ಮಾರಾಟವಾದರೆ 27 ಲಕ್ಷ, ನೋಡಲು ಚೆನ್ನಾಗಿದೆ. ಅವನ್ನು ಕೊಂಡವರಲ್ಲಿ 12,000 ಜನ ಕಳೆದ ವರ್ಷದವರೆಗೆ ದೊಡ್ಡ ದೀಪ ಕೊಳ್ಳುತ್ತಿದ್ದವರಾದರೆ, ಅಲ್ಲಿ ಕಳೆದುಕೊಂಡದ್ದು 16.8 ಲಕ್ಷ. ನಿಜವಾಗಿ ಹೆಚ್ಚಿದ್ದು 10.2 ಲಕ್ಷ. ಚಿಕ್ಕ ದೀಪದ ಬಿಡುಗಡೆಗೆ 12 ಲಕ್ಷ ಖರ್ಚಾಗಿದ್ದರೆ 1.8 ಲಕ್ಷ ನಷ್ಟ. ಬಿಡುಗಡೆಯ ಆ 12 ಲಕ್ಷದ ಸ್ಥಿರ ವೆಚ್ಚ ಬಿಟ್ಟರೆ 90ನ್ನು 140ರಿಂದ ಭಾಗಿಸಿ ಬರುವ ಶೇ 64 ಇದರ ಮಿತಿ: ಹೊಸ ಗ್ರಾಹಕರಲ್ಲಿ ಅಷ್ಟು ಭಾಗಕ್ಕಿಂತ ಹೆಚ್ಚು ನಿಮ್ಮವರೇ ಆಗಿದ್ದರೆ ಮಾರಿದಷ್ಟೂ ಕಳೆದುಕೊಳ್ಳುತ್ತೀರಿ.

ಇಲ್ಲಿ ಜಾಗ್ರತೆಯಿಂದ ನೋಡಬೇಕಾದ ಒಂದು ಅಂಶವಿದೆ. ಹೋಲಿಸಬೇಕಾದದ್ದು ಕಳೆದ ವರ್ಷದ ಮಾರಾಟದ ಜೊತೆಯಲ್ಲ, ಚಿಕ್ಕ ದೀಪ ತರದೇ ಹೋದರೆ ಮುಂದಿನ ವರ್ಷ ಆಗುವ ಮಾರಾಟದ ಜೊತೆ. ಆ 12,000 ಜನರಲ್ಲಿ 7,000 ಜನ ಹೇಗಿದ್ದರೂ ಎದುರಾಳಿಯ ಚಿಕ್ಕ ದೀಪಕ್ಕೆ ಹೊರಟಿದ್ದವರಾದರೆ, ನಿಮ್ಮ ದೊಡ್ಡ ದೀಪದ ನಿಜವಾದ ನಷ್ಟ 5,000 ಜನರದ್ದು ಮಾತ್ರ, ಎಂದರೆ 7 ಲಕ್ಷ. ಆಗ ಇದೇ ಪ್ರಸ್ತಾಪ 8 ಲಕ್ಷ ಲಾಭ ತೋರಿಸುತ್ತದೆ. ಅಂಕಿ ಒಂದೇ, ಹೋಲಿಕೆಯ ಆಧಾರ ಬದಲಾದ ಕೂಡಲೇ ತೀರ್ಪು ತಿರುಗಿತು. ವರದಿಯಲ್ಲಿ ಯಾವ ಆಧಾರ ಹಿಡಿದಿದ್ದೀರಿ ಎಂದು ಬಿಡಿಸಿ ಹೇಳಲೇಬೇಕು.

ಸಿಮ್ಯುಲೇಷನ್ ವಿಷಯಕ್ಕೆ ಬಂದರೆ, ಇನ್ಸಿಯಾಡ್ ಬಿಸಿನೆಸ್ ಸ್ಕೂಲ್‌ನ ಲಾರೆಶೆ ಮತ್ತು ಗಟಿನ್ಯೋನ್ 1970ರ ದಶಕದಲ್ಲಿ ರೂಪಿಸಿದ ಮಾರ್ಕ್‌ಸ್ಟ್ರ್ಯಾಟ್‌ನಿಂದ ಹಿಡಿದು ಇಂದಿನ ಹಲವು ಆಟಗಳಲ್ಲೂ ಒಂದು ನಕ್ಷೆ ಇದ್ದೇ ಇರುತ್ತದೆ: ಎರಡು ಅಕ್ಷ, ಅದರಲ್ಲಿ ಪ್ರತಿ ವಿಭಾಗದ ಗ್ರಾಹಕರು ಬಯಸುವ ಆದರ್ಶ ಬಿಂದು, ಸುತ್ತಲೂ ಬ್ರ್ಯಾಂಡ್‌ಗಳು. ಆದರ್ಶ ಬಿಂದು ಸುತ್ತಿನಿಂದ ಸುತ್ತಿಗೆ ಸರಿಯುತ್ತದೆ. ಬೆಳಕಿನ ಗುಣಮಟ್ಟದ ಅಕ್ಷದಲ್ಲಿ ಅದು ಮೊದಲ ಸುತ್ತಿನಲ್ಲಿ 42, ಎರಡರಲ್ಲಿ 45, ಮೂರರಲ್ಲಿ 48 ಇತ್ತು ಎನ್ನಿ. ನೀವು ಕೂತಿರುವುದು ನಾಲ್ಕನೇ ಸುತ್ತಿನ ನಿರ್ಧಾರಕ್ಕೆ. ಸಾಮಾನ್ಯವಾಗಿ ತಂಡಗಳು ಕೊನೆಯದಾಗಿ ಕಂಡ 48ಕ್ಕೆ ಸಂಶೋಧನೆ ಆದೇಶಿಸುತ್ತವೆ. ಆದರೆ ಸಂಶೋಧನೆ ಮುಗಿಯಲು ಒಂದು ಸುತ್ತು ಬೇಕು, ಉತ್ಪನ್ನ ಅಂಗಡಿಗೆ ಬರುವುದು ಐದನೇ ಸುತ್ತಿನಲ್ಲಿ, ಆಗ ಬಿಂದು 54ರ ಬಳಿ ಇರುತ್ತದೆ. ಅದು ಐದು, ಆರು, ಏಳನೇ ಸುತ್ತುಗಳಲ್ಲಿ ಮಾರಾಟವಾಗಬೇಕಾದರೆ ನಡುವಿನ ಸುತ್ತಿನ 57ಕ್ಕೆ ಗುರಿ ಇಡುವುದು ಲೆಕ್ಕಕ್ಕೆ ಸರಿ. ಸರಿಯುವ ವೇಗ ಕುಗ್ಗಬಹುದು ಎಂಬ ಎಚ್ಚರಕ್ಕೆ ನಾನಾದರೆ 55 ಅಥವಾ 56 ಹಿಡಿಯುತ್ತೇನೆ. 48ಕ್ಕೆ ಮಾಡಿದ ಉತ್ಪನ್ನ ಬಿಡುಗಡೆಯ ದಿನವೇ ಹಳೆಯದು. ಅದನ್ನು ಮಾರಲು ಜಾಹೀರಾತು ಹೆಚ್ಚಿಸುತ್ತಾರೆ, ಪಾಲು ಏರುವುದಿಲ್ಲ, ಜಾಹೀರಾತು ಸರಿಯಿಲ್ಲ ಎಂದು ತೀರ್ಮಾನಿಸುತ್ತಾರೆ. ದೋಷ ಇರುವುದು ಎರಡು ಸುತ್ತು ಹಿಂದೆ.

ಉತ್ಪಾದನೆ ಎಷ್ಟು ಎಂಬುದಕ್ಕೂ ಅಂದಾಜಿನ ಸರಾಸರಿಯನ್ನೇ ತುಂಬಿಬಿಡುವುದು ರೂಢಿ. ಸ್ವಲ್ಪ ಯೋಚಿಸಿ. ದೀಪ ಸಾಲದೆ ಒಬ್ಬ ಗ್ರಾಹಕ ಹೋದರೆ ಕಳೆದುಕೊಳ್ಳುವುದು 140. ಒಂದು ದೀಪ ಉಳಿದರೆ, ಮುಂದಿನ ಸುತ್ತಿನಲ್ಲಿ ಅದೇ ಮಾಡೆಲ್ ಮಾರಬಹುದಾದರೆ, ನಷ್ಟ ಗೋದಾಮಿನಲ್ಲಿ ಇಡುವ ಖರ್ಚಷ್ಟೆ. 210ರ ಮೇಲೆ ಶೇ 8 ಎಂದರೆ ಸುಮಾರು 17. 140ನ್ನು ಎರಡೂ ನಷ್ಟ ಕೂಡಿದ 157ರಿಂದ ಭಾಗಿಸಿದರೆ 0.89. ಅಂದರೆ ಬೇಡಿಕೆ ಪೂರ್ತಿ ಈಡೇರುವ ಸಂಭವ ಶೇ 89 ಆಗುವಷ್ಟು, ಧಾರಾಳವಾಗಿ ತಯಾರಿಸಿ. ಮುಂದಿನ ಸುತ್ತಿನಲ್ಲಿ ಮಾಡೆಲ್ ಬದಲಾಗುವುದಿದ್ದು, ಉಳಿದದ್ದನ್ನು 100ಕ್ಕೆ ವಿಲೇವಾರಿ ಮಾಡಬೇಕಾದರೆ ನಷ್ಟ 110. ಆಗ ಅದೇ ಅನುಪಾತ 0.56ಕ್ಕೆ ಇಳಿಯುತ್ತದೆ, ಸರಾಸರಿಗಿಂತ ತುಸು ಮೇಲೆ ನಿಂತರೆ ಸಾಕು. ಉತ್ಪನ್ನದ ತೀರ್ಮಾನ ಗೊತ್ತಿಲ್ಲದೆ ಉತ್ಪಾದನೆಯ ಸಂಖ್ಯೆ ತುಂಬಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ತಂಡದಲ್ಲಿ ಒಬ್ಬರಿಗೆ ಉತ್ಪಾದನೆ, ಇನ್ನೊಬ್ಬರಿಗೆ ಸಂಶೋಧನೆ, ಮತ್ತೊಬ್ಬರಿಗೆ ಬೆಲೆ ಎಂದು ಹಂಚಿಕೊಂಡು ಬೇರೆ ಬೇರೆ ಕೂತು ಕೆಲಸ ಮಾಡುವ ಪದ್ಧತಿ ಕೆಡುವುದು ಇಲ್ಲೇ.

ಪ್ರತಿ ಸುತ್ತಿನ ನಿರ್ಧಾರ ಸಲ್ಲಿಸುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದಿಡಿ: ಏನು ಬದಲಿಸಿದೆವು, ಏಕೆ, ಮಾರಾಟ ಮತ್ತು ಪಾಲು ಎಷ್ಟಾಗುತ್ತದೆಂದು ನಿರೀಕ್ಷಿಸಿದ್ದೇವೆ, ಆ ನಿರೀಕ್ಷೆ ಯಾವ ಊಹೆಯಿಂದ ಬಂತು. ಫಲಿತಾಂಶ ಬಂದ ಮೇಲೆ ಪಕ್ಕದಲ್ಲಿ ನಿಜವಾದ ಸಂಖ್ಯೆ. ಫಲಿತಾಂಶ ನೋಡಿದ ನಂತರ ಬರೆದ ಕಾರಣಗಳು ಕೆಲಸಕ್ಕೆ ಬಾರವು, ಎಲ್ಲವೂ ಮೊದಲೇ ಗೊತ್ತಿದ್ದಂತೆ ತೋರುತ್ತದೆ. ಇನ್ನೊಂದು ಶಿಸ್ತು: ಒಂದೇ ಸುತ್ತಿನಲ್ಲಿ ಬೆಲೆ, ಜಾಹೀರಾತು, ವಿತರಣೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ಪಾಲು ಏರಿದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಎರಡು ಬ್ರ್ಯಾಂಡ್ ಇದ್ದರೆ ಒಂದರಲ್ಲಿ ಬೆಲೆ ಮಾತ್ರ, ಇನ್ನೊಂದರಲ್ಲಿ ಜಾಹೀರಾತು ಮಾತ್ರ ಬದಲಿಸಿ ನೋಡಬಹುದು.

ವರದಿ ಬರೆಯುವಾಗ ನಿರ್ಧಾರ ಮೊದಲ ಪ್ಯಾರಾದಲ್ಲೇ ಇರಲಿ, ಯಾವ ವಿಭಾಗಕ್ಕೆ, ಯಾವ ಉತ್ಪನ್ನ, ಎಷ್ಟು ಬೆಲೆ, ಎಷ್ಟು ಹಣ, ಎಂದು ಮರಳಿ ಬರುತ್ತದೆ ಎಂಬಷ್ಟು ಖಚಿತವಾಗಿ. 'ಗ್ರಾಹಕ ಕೇಂದ್ರಿತ ತಂತ್ರವನ್ನು ಅಳವಡಿಸಿಕೊಳ್ಳಬೇಕು' ಎಂಬಂಥ ವಾಕ್ಯವನ್ನು ಯಾವ ಕಂಪನಿಗೆ ಬೇಕಾದರೂ ಬರೆಯಬಹುದು, ಅದನ್ನು ತೆಗೆದುಹಾಕಿ. ಕೈಬಿಟ್ಟ ದಾರಿಗಳಿಗೂ ಜಾಗ ಕೊಡಿ. ಹೆಚ್ಚಿನವರು ಎರಡು ದುರ್ಬಲ ಪರ್ಯಾಯಗಳನ್ನು ನಿಲ್ಲಿಸಿ ಸುಲಭವಾಗಿ ಬೀಳಿಸುತ್ತಾರೆ. ಪ್ರಾಧ್ಯಾಪಕರಿಗೆ ಅದು ಓದಿದ ಕೂಡಲೇ ತಿಳಿಯುತ್ತದೆ. ನಿಮ್ಮ ತಂಡದಲ್ಲೇ ಅರ್ಧ ಜನ ಬೆಂಬಲಿಸಿದ್ದ ಪರ್ಯಾಯವನ್ನು ತೆಗೆದುಕೊಂಡು, ಅದು ಯಾವ ಸಂಖ್ಯೆಯಲ್ಲಿ ಸೋತಿತು ಎಂದು ತೋರಿಸಿ.

ಮೌಖಿಕ ಪ್ರಶ್ನೋತ್ತರದಲ್ಲಿ ಸಾಮಾನ್ಯವಾಗಿ ಬರುವ ಪ್ರಶ್ನೆ, 'ನಿಮ್ಮ ಅಂದಾಜು ಅರ್ಧಕ್ಕೆ ಇಳಿದರೆ?' ಎಂಬುದು. ಮೇಲಿನ ಲೆಕ್ಕ ಮಾಡಿಟ್ಟುಕೊಂಡವರಿಗೆ ಉತ್ತರ ಸಿದ್ಧವಿರುತ್ತದೆ: ಶೇ 24 ಅರ್ಧವಾಗಿ ಶೇ 12 ಆದರೆ ಮಾರಾಟ 27,000ದ ಹತ್ತಿರ, ನಮ್ಮ ಮಿತಿ ಶೇ 18, ಪರೀಕ್ಷಾ ಮಾರಾಟದಲ್ಲೇ ಅದು ಕಾಣುತ್ತದೆ, ಆಗ ಸಂಶೋಧನೆಯ ಹಣ ಇನ್ನೂ ಕೈಯಲ್ಲೇ ಇರುತ್ತದೆ. ಸಿಮ್ಯುಲೇಷನ್ ತಂಡಗಳಿಗೆ ಬರುವ ಇನ್ನೊಂದು ಪ್ರಶ್ನೆ ಕೊನೆಯ ಸುತ್ತಿನದು. ಆಟ ಮುಗಿಯುತ್ತದೆಂದು ಗೊತ್ತಿದ್ದು ಸಂಶೋಧನೆ, ಜಾಹೀರಾತು ಎಲ್ಲ ನಿಲ್ಲಿಸಿ ಲಾಭ ಉಬ್ಬಿಸಿದರೆ ಅಂಕಪಟ್ಟಿಯಲ್ಲಿ ಸ್ಥಾನ ಏರಬಹುದು. ಆದರೆ 'ಮುಂದಿನ ಸುತ್ತಿಗೆ ಈ ಕಂಪನಿಯನ್ನು ಇನ್ನೊಂದು ತಂಡಕ್ಕೆ ಒಪ್ಪಿಸುತ್ತೇವೆ, ಅವರಿಗೆ ಏನು ಉಳಿಸಿದ್ದೀರಿ?' ಎಂದು ಕೇಳಿದಾಗ ತೋರಿಸಲು ಏನಾದರೂ ಇರಬೇಕು. ಕೊನೆಯ ಸುತ್ತಿನಲ್ಲೂ ನಡೆಯುತ್ತಿರುವ ಒಂದು ಸಂಶೋಧನಾ ಯೋಜನೆ, ಅದರ ಗುರಿ ಬಿಂದು, ಅದು ಅಂಗಡಿಗೆ ಬರುವ ಸುತ್ತು, ಈ ಮೂರನ್ನೂ ಒಂದು ಸ್ಲೈಡಿನಲ್ಲಿ ಇಟ್ಟುಕೊಂಡೇ ಹೋಗಿ.